ಹಣದ ಹಾದಿಯ ಕಾವಲು

ಹುಣಸೂರಿನ ಸಂತೆಯಾಗಲಿ, ಕೃಷ್ಣರಾಜನಗರದ ಅಕ್ಕಿಯ ಅಂಗಡಿಯಾಗಲಿ, ಪಿರಿಯಾಪಟ್ಟಣದ ಹೂವಿನ ಬುಟ್ಟಿಯಾಗಲಿ, ಹೆಗ್ಗಡದೇವನಕೋಟೆಯ ಚಹದಂಗಡಿಯಾಗಲಿ, ಇಂದು ಎಲ್ಲೆಡೆಯೂ ಕಪ್ಪು ಬಿಳುಪಿನ ಚೌಕಗಳಿಂದ ಕೂಡಿದ ಚೀಟಿಯೊಂದು ಕಣ್ಣಿಗೆ ಬೀಳುತ್ತದೆ. ಕೊಳ್ಳುವವನು ತನ್ನ ಮೊಬೈಲನ್ನು ಅದರ ಮುಂದೆ ಹಿಡಿದು ನಾಲ್ಕಾರು ಅಂಕಿಗಳನ್ನು ಒತ್ತುತ್ತಾನೆ. ಮರುಕ್ಷಣವೇ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆಯು ಇಷ್ಟು ರೂಪಾಯಿ ಬಂದಿದೆಯೆಂದು ಕನ್ನಡದಲ್ಲಿಯೇ ಸಾರುತ್ತದೆ. ಹೂವಾಡಗಿತ್ತಿಯು ತಲೆಯೆತ್ತಿಯೂ ನೋಡದೆ ಮೊಳ ಹಾಕಿ ಹೂವನ್ನು ಕೊಡುತ್ತಾಳೆ. ನೋಟುಗಳು ಅಚ್ಚಾಗುವ ಮೈಸೂರಿನ ಆಸುಪಾಸಿನಲ್ಲಿಯೇ ಹೀಗೆ ನೋಟು ಕೈ ಬದಲಾಗದೆ ವ್ಯಾಪಾರ ಸಾಗುತ್ತಿದೆ.

ಆ ಹೂವಾಡಗಿತ್ತಿ ನಂಬಿದ್ದು ಯಾರನ್ನು? ಕೊಂಡವನ ಮುಖವನ್ನು ಅವಳು ನೋಡಲಿಲ್ಲ. ಹಣವನ್ನು ಮುಟ್ಟಿ ಎಣಿಸಲಿಲ್ಲ. ಎಲ್ಲಿಯೋ ದೂರದಲ್ಲಿ ಕುಳಿತು ಈ ಹಣದ ಹಾದಿಯನ್ನು ಕಾಯುತ್ತಿರುವ, ತಾನು ಎಂದೂ ಕಾಣದ ಜನರನ್ನು ಅವಳು ನಂಬಿದ್ದಾಳೆ. ಅವರ ಕೆಲಸ ಎಂತಹುದು? ಅದರ ಕಷ್ಟಸುಖಗಳೇನು? ಇದನ್ನು ತಿಳಿಯುವುದು ಈ ಕಾಲದ ವಿದ್ಯಾರ್ಥಿಗಳಿಗೆ ಅಗತ್ಯವಾಗಿದೆ.

ಹಣವನ್ನು ಪರರ ಕೈಗೊಪ್ಪಿಸಿ ನಿಶ್ಚಿಂತರಾಗಿರುವುದು ನಮ್ಮ ನಾಡಿಗೆ ಹೊಸದಲ್ಲ. 1880ರಲ್ಲಿ ಅಂಚೆ ಇಲಾಖೆಯು ಮನಿಯಾರ್ಡರ್ ಪದ್ಧತಿಯನ್ನು ಆರಂಭಿಸಿತು. ದೂರದೂರಿನಲ್ಲಿ ದುಡಿಯುವ ಮಗನು ಕಳುಹಿಸಿದ ಹಣವನ್ನು ಅಂಚೆಯವನು ಹಳ್ಳಿಯ ತಾಯಿಯ ಕೈಗೆ ಎಣಿಸಿ ಕೊಡುತ್ತಿದ್ದನು. 1928ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ ಅವರ ಬ್ಯಾಂಕು ಪಿಗ್ಮಿ ಠೇವಣಿ ಯೋಜನೆಯನ್ನು ತಂದಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿ ಲೆಕ್ಕಕ್ಕೆ ಸೇರಿಸುತ್ತಿದ್ದನು. ಅಂಚೆಯವನೂ ಪಿಗ್ಮಿ ಸಂಗ್ರಾಹಕನೂ ಜನರಿಗೆ ಪರಿಚಿತರು. ಅವರ ಮುಖವೇ ನಂಬಿಕೆಗೆ ಆಧಾರವಾಗಿತ್ತು. ಇಂದಿನ ಪಾವತಿಯಲ್ಲಿ ಆ ಮುಖವು ಮರೆಯಾಗಿದೆ. ಆದುದರಿಂದಲೇ ಅದರ ಹಿಂದೆ ದುಡಿಯುವವರ ಹೊಣೆ ಇನ್ನೂ ಹೆಚ್ಚಿನದು.

2016ರ ಏಪ್ರಿಲ್ 11ರಂದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ಎಂಬ ಏಕೀಕೃತ ಪಾವತಿ ವ್ಯವಸ್ಥೆಯನ್ನು ಹೊರತಂದಿತು. ಯಾವುದೇ ಬ್ಯಾಂಕಿನ ಖಾತೆಯಿಂದ ಬೇರಾವುದೇ ಬ್ಯಾಂಕಿನ ಖಾತೆಗೆ ಮೊಬೈಲಿನ ಮೂಲಕ ತಕ್ಷಣವೇ ಹಣ ಕಳುಹಿಸಲು ಇದರಿಂದ ಸಾಧ್ಯವಾಯಿತು. ಅದೇ ವರ್ಷ ನವೆಂಬರ್ 8ರಂದು ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ರದ್ದಾದಾಗ ಜನರ ಗಮನ ಈ ಕಡೆ ಹರಿಯಿತು. ಈ ವ್ಯವಸ್ಥೆಯನ್ನು ಆಧರಿಸಿ ಬೆಳೆದ ಸಂಸ್ಥೆಗಳಲ್ಲಿ ಫೋನ್‌ಪೇ ಪ್ರಮುಖವಾದುದು. 2015ರ ಡಿಸೆಂಬರಿನಲ್ಲಿ ಸಮೀರ್ ನಿಗಮ್, ರಾಹುಲ್ ಚಾರಿ ಮತ್ತು ಬುರ್ಜಿನ್ ಇಂಜಿನಿಯರ್ ಎಂಬ ಮೂವರು ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಿದರು.

ಮುಂದಿನ ಬೆಳವಣಿಗೆಯು ಬೆರಗು ಹುಟ್ಟಿಸುವಂಥದು. 2016ರ ಡಿಸೆಂಬರ್ ತಿಂಗಳಲ್ಲಿ ದೇಶದಾದ್ಯಂತ ಯುಪಿಐ ಮೂಲಕ ನಡೆದ ಪಾವತಿಗಳ ಸಂಖ್ಯೆ ಸುಮಾರು 20 ಲಕ್ಷ. 2019ರ ಅಕ್ಟೋಬರಿನಲ್ಲಿ ಅದು 100 ಕೋಟಿಯನ್ನು ದಾಟಿತು. 2023ರ ಆಗಸ್ಟಿನಲ್ಲಿ 1000 ಕೋಟಿಯನ್ನು, 2025ರ ಆಗಸ್ಟಿನಲ್ಲಿ 2000 ಕೋಟಿಯನ್ನು ದಾಟಿತು. ಈ ಕೊನೆಯ ಸಂಖ್ಯೆಯನ್ನು ಆ ತಿಂಗಳ 31 ದಿನಗಳಿಗೆ ಹಂಚಿ ನೋಡಿದರೆ, ಸರಾಸರಿ ಪ್ರತಿ ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು ಪಾವತಿಗಳು ನಡೆದಂತಾಯಿತು. ಇವುಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಫೋನ್‌ಪೇ ಒಂದರ ಮೂಲಕವೇ ಸಾಗಿದವು.

ಇಂತಹ ಸಂಸ್ಥೆಯಲ್ಲಿ ಕೆಲಸ ಮಾಡುವುದೆಂದರೆ ಓಡುತ್ತಿರುವ ಗಾಡಿಯ ಗಾಲಿಯನ್ನು ಬದಲಿಸಿದಂತೆ. ಲಕ್ಷ ಪಾವತಿಗಳಿಗಾಗಿ ಕಟ್ಟಿದ ಗಣಕ ವ್ಯವಸ್ಥೆಯು ಕೋಟಿ ಪಾವತಿಗಳ ಭಾರವನ್ನು ಹೊರಬೇಕು. ಅದನ್ನು ದೊಡ್ಡದು ಮಾಡುವ ಸಲುವಾಗಿ ಅಂಗಡಿಯ ಬಾಗಿಲಿನಂತೆ ಮುಚ್ಚಿಡುವ ಹಾಗಿಲ್ಲ; ನಡುರಾತ್ರಿಯಲ್ಲಿಯೂ ಯಾರೋ ಒಬ್ಬರು ಆಸ್ಪತ್ರೆಯ ಎದುರಿನ ಔಷಧಿ ಅಂಗಡಿಯಲ್ಲಿ ಹಣ ಪಾವತಿ ಮಾಡುತ್ತಿರುತ್ತಾರೆ. ಆದ್ದರಿಂದ ಎಂಜಿನಿಯರರು ಪಾಳಿಯ ಮೇಲೆ ಎಚ್ಚರವಾಗಿರುತ್ತಾರೆ. ತಂತ್ರಾಂಶದಲ್ಲಿ ಚಿಕ್ಕದೊಂದು ಬದಲಾವಣೆ ಮಾಡಿದರೂ ಅದನ್ನು ಮೊದಲು ಕೆಲವೇ ಬಳಕೆದಾರರಿಗೆ ಒದಗಿಸಿ, ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಉಳಿದವರಿಗೆ ವಿಸ್ತರಿಸುತ್ತಾರೆ. ನಾಡೆಲ್ಲ ದಸರಾ, ದೀಪಾವಳಿಗಳ ಸಂಭ್ರಮದಲ್ಲಿ ಮುಳುಗಿರುವಾಗಲೇ ಅವರ ಕೆಲಸ ಇಮ್ಮಡಿಯಾಗುತ್ತದೆ.

ಹಣವು ಸಾಗುವ ಹಾದಿಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ರೈತನೊಬ್ಬನು ಕೃಷ್ಣರಾಜನಗರದ ಅಂಗಡಿಯಲ್ಲಿ ಐನೂರು ರೂಪಾಯಿಗಳ ಬಿತ್ತನೆ ಭತ್ತವನ್ನು ಕೊಂಡನೆಂದು ಭಾವಿಸೋಣ. ಅವನು ಮೊಬೈಲಿನಲ್ಲಿ ಪಿನ್ ಎಂಬ ರಹಸ್ಯ ಸಂಖ್ಯೆಯನ್ನು ಒತ್ತಿದೊಡನೆ ಆದೇಶವು ಪಾವತಿ ಸಂಸ್ಥೆಯನ್ನು ತಲುಪಿ, ಅದರ ಜೊತೆಗಾರ ಬ್ಯಾಂಕಿನ ಮೂಲಕ ಪಾವತಿ ನಿಗಮದ ಕೇಂದ್ರಕ್ಕೆ ಹೋಗುತ್ತದೆ. ಕೇಂದ್ರವು ರೈತನ ಬ್ಯಾಂಕಿಗೆ ಹಣವನ್ನು ಕಳೆಯುವಂತೆ ತಿಳಿಸುತ್ತದೆ. ಅಲ್ಲಿಂದ ಒಪ್ಪಿಗೆ ಬಂದ ಬಳಿಕ ಅಂಗಡಿಯವನ ಬ್ಯಾಂಕಿಗೆ ಕೂಡುವಂತೆ ತಿಳಿಸುತ್ತದೆ. ಕೊನೆಯಲ್ಲಿ ಇಬ್ಬರಿಗೂ ಸುದ್ದಿ ಮುಟ್ಟುತ್ತದೆ. ಇಷ್ಟೆಲ್ಲವೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ.

ಈ ಕೊಂಡಿಗಳಲ್ಲಿ ಒಂದು ತಡವರಿಸಿದರೂ ಆಪತ್ತು ತಪ್ಪಿದ್ದಲ್ಲ. ಉತ್ತರವು ಸಕಾಲಕ್ಕೆ ಬಾರದಿದ್ದರೆ ಯಂತ್ರವು ಅದೇ ಸಂದೇಶವನ್ನು ಮತ್ತೊಮ್ಮೆ ಕಳುಹಿಸಬಹುದು. ಅದನ್ನು ಹೊಸ ಆದೇಶವೆಂದು ತಿಳಿದರೆ ರೈತನ ಐನೂರು ರೂಪಾಯಿ ಸಾವಿರವಾಗಿ ಕಳೆದುಹೋಗುತ್ತದೆ. ಇದನ್ನು ತಡೆಯಲು ಪ್ರತಿಯೊಂದು ಪಾವತಿಗೂ ಬೇರೊಂದಕ್ಕಿಲ್ಲದ ಗುರುತಿನ ಸಂಖ್ಯೆಯನ್ನು ಕೊಡುತ್ತಾರೆ. ಒಂದೇ ಸಂಖ್ಯೆಯ ಆದೇಶವು ಹತ್ತು ಬಾರಿ ಬಂದರೂ ಹಣ ಕಳೆಯುವುದು ಒಂದೇ ಬಾರಿ. ಇಷ್ಟಾದರೂ ತೊಡಕುಗಳು ಬರುವುದುಂಟು. 2025ರ ಏಪ್ರಿಲ್ 12ರಂದು ಬ್ಯಾಂಕುಗಳ ಯಂತ್ರಗಳು ಪಾವತಿಗಳ ಸ್ಥಿತಿಯನ್ನು ಮತ್ತೆ ಮತ್ತೆ ವಿಚಾರಿಸಿದ್ದರಿಂದ ದಟ್ಟಣೆಯುಂಟಾಗಿ ದೇಶದಲ್ಲೆಲ್ಲ ಯುಪಿಐ ಕೆಲವು ಗಂಟೆಗಳ ಕಾಲ ಏರುಪೇರಾಯಿತು. ಬಾಗಿಲಿನಲ್ಲಿ ಎಲ್ಲರೂ ನಿಂತು ಪ್ರಶ್ನೆ ಕೇಳತೊಡಗಿದರೆ ಒಳಗೆ ಹೋಗಬೇಕಾದವರಿಗೆ ದಾರಿಯಿಲ್ಲದಂತಾಗುವುದಷ್ಟೆ!

ಇಂತಹ ಸಂಸ್ಥೆಯ ಕೆಲಸಗಾರರ ನಿಜವಾದ ಪರೀಕ್ಷೆ ನಡೆದದ್ದು 2020ರ ಮಾರ್ಚ್ 5ರಂದು. ಆ ಸಂಜೆ ರಿಸರ್ವ್ ಬ್ಯಾಂಕು ಸಂಕಷ್ಟದಲ್ಲಿದ್ದ ಯೆಸ್ ಬ್ಯಾಂಕಿನ ವ್ಯವಹಾರಗಳ ಮೇಲೆ ನಿರ್ಬಂಧವನ್ನು ವಿಧಿಸಿತು. ಫೋನ್‌ಪೇ ತನ್ನ ಪಾವತಿಗಳಿಗೆ ಆ ಬ್ಯಾಂಕನ್ನೇ ಆಶ್ರಯಿಸಿತ್ತು. ಕೋಟ್ಯಂತರ ಜನರ ಮೊಬೈಲುಗಳಲ್ಲಿ ಪಾವತಿಯು ಒಮ್ಮೆಲೇ ನಿಂತುಹೋಯಿತು. ತಮ್ಮ ಹಣವೇ ಮುಳುಗಿತೋ ಎಂದು ಅನೇಕರು ಗಾಬರಿಗೊಂಡರು. ವಾಸ್ತವದಲ್ಲಿ ಜನರ ಹಣವು ಅವರವರ ಬ್ಯಾಂಕಿನ ಖಾತೆಗಳಲ್ಲಿಯೇ ಇತ್ತು. ಮುಚ್ಚಿದ್ದು ಅದು ಸಾಗುವ ದಾರಿ ಮಾತ್ರ. ಆದರೆ ಸಂತೆಯಲ್ಲಿ ನಿಂತವನಿಗೆ ಈ ಭೇದವನ್ನು ತಿಳಿಸುವವರು ಯಾರು? ಸಂಸ್ಥೆಯ ಕೆಲಸಗಾರರು ರಾತ್ರಿಯೆಲ್ಲ ದುಡಿದು, ಐಸಿಐಸಿಐ ಬ್ಯಾಂಕಿನ ನೆರವಿನಿಂದ ಬೇರೊಂದು ದಾರಿಯನ್ನು ತೆರೆದರು. ಸುಮಾರು ಒಂದು ದಿನದೊಳಗೆ ಪಾವತಿಗಳು ಮತ್ತೆ ಆರಂಭಗೊಂಡವು. ಒಂದೇ ಕಂಬದ ಮೇಲೆ ಮನೆಯನ್ನು ನಿಲ್ಲಿಸಬಾರದೆಂಬ ಪಾಠವನ್ನು ಆ ರಾತ್ರಿ ಕಲಿಸಿತು. ಆ ಬಳಿಕ ಸಂಸ್ಥೆಯು ಒಂದಕ್ಕಿಂತ ಹೆಚ್ಚು ಬ್ಯಾಂಕುಗಳ ಜೊತೆಗಾರಿಕೆಯನ್ನು ಪಡೆಯಿತು.

ಎಂಜಿನಿಯರರಷ್ಟೇ ಅಲ್ಲದೆ ಇನ್ನೂ ಅನೇಕರ ದುಡಿಮೆ ಇಲ್ಲಿ ಕೂಡಿದೆ. ಪಾವತಿ ಸಂಸ್ಥೆಯ ಲೆಕ್ಕ, ನಿಗಮದ ಲೆಕ್ಕ, ಬ್ಯಾಂಕುಗಳ ಲೆಕ್ಕ, ಇವುಗಳನ್ನು ದಿನವೂ ತಾಳೆ ನೋಡಬೇಕು. ಕಳುಹಿಸಿದವನ ಖಾತೆಯಲ್ಲಿ ಕಳೆದು ಪಡೆಯಬೇಕಾದವನ ಖಾತೆಗೆ ಸೇರದ ಹಣವನ್ನು ಹುಡುಕಿ ಹಿಂತಿರುಗಿಸಬೇಕು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ಒಬ್ಬರಿಂದೊಬ್ಬರಿಗೆ ಕಳುಹಿಸಿದ ಇಂತಹ ಹಣವು ಮರುದಿನದೊಳಗೆ ತಾನಾಗಿಯೇ ಮರಳಬೇಕು. ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಕೋಟಿ ಪಾವತಿಗಳಲ್ಲಿ ಒಂದು ತಪ್ಪಿತೆಂಬುದು ಲೆಕ್ಕದ ಪುಸ್ತಕದಲ್ಲಿ ಅತ್ಯಲ್ಪ. ಆದರೆ ಆ ಒಂದು, ದಿನಗೂಲಿಯ ಹೆಣ್ಣುಮಗಳೊಬ್ಬಳ ಅಂದಿನ ಕೂಲಿಯಾಗಿದ್ದರೆ ಅವಳ ಪಾಲಿಗೆ ಅದೇ ಸರ್ವಸ್ವ. ಅವಳು ಕರೆ ಮಾಡಿದಾಗ ಅವಳ ಭಾಷೆಯಲ್ಲಿ, ಬೇಸರಗೊಳ್ಳದೆ, ಅವಳಿಗೆ ಅರ್ಥವಾಗುವಂತೆ ಉತ್ತರಿಸುವವನ ಕೆಲಸವು ತಂತ್ರಾಂಶ ಬರೆಯುವವನ ಕೆಲಸಕ್ಕಿಂತ ಕಡಿಮೆಯದೇನೂ ಅಲ್ಲ.

ಊರೂರು ತಿರುಗಿ ಅಂಗಡಿಗಳಿಗೆ ಚೌಕದ ಚೀಟಿಯನ್ನೂ ಮಾತನಾಡುವ ಪೆಟ್ಟಿಗೆಯನ್ನೂ ಒದಗಿಸುವ ಯುವಕ ಯುವತಿಯರೂ ಈ ಕೆಲಸದ ಪಾಲುದಾರರು. ಬಿಸಿಲು ಮಳೆಯೆನ್ನದೆ ಅವರು ತಿರುಗುತ್ತಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಮೊಬೈಲಿನ ಸಂಕೇತವೇ ದುರ್ಬಲ; ಅಲ್ಲಿ ಎಷ್ಟು ಉತ್ತಮವಾದ ತಂತ್ರಾಂಶವೂ ಮೂಕವಾಗುತ್ತದೆ. ಸಾಧಾರಣ ಮೊಬೈಲ್ ಉಳ್ಳವರೂ ಹಣ ಕಳುಹಿಸಲೆಂದು 2022ರ ಮಾರ್ಚಿನಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂದಿತು. ಆದರೂ ಹಳ್ಳಿಯ ವೃದ್ಧರಿಗೆ ನೋಟಿನ ಮೇಲಿರುವ ಭರವಸೆ ಇನ್ನೂ ಅಳಿದಿಲ್ಲ. ಅದನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಹೊಸ ಹಾದಿಯು ತನ್ನ ಯೋಗ್ಯತೆಯನ್ನು ತಾನೇ ತೋರಿಸಿ ಅವರ ನಂಬಿಕೆಯನ್ನು ಗಳಿಸಬೇಕು.

ಏಕೆಂದರೆ ಈ ಹಾದಿಯಲ್ಲಿ ಕಳ್ಳರ ಕಾಟವೂ ಇದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಮುಖ್ಯವಾದ ಬೆಳೆ. ಕಟ್ಟೆಮಳಲವಾಡಿ, ಕಂಪಲಾಪುರ ಮೊದಲಾದ ಕಡೆಗಳ ಹರಾಜು ಕೇಂದ್ರಗಳಲ್ಲಿ ಮಾರಾಟವಾದ ಬೆಳೆಯ ಹಣವು ರೈತರ ಬ್ಯಾಂಕು ಖಾತೆಗೇ ಬರುತ್ತದೆ. ನೋಟಿನ ಗಂಟನ್ನು ಹೊತ್ತು ಬಸ್ಸಿನಲ್ಲಿ ಬರುವ ಭಯ ಇಲ್ಲವಾಯಿತೇನೋ ನಿಜ. ಆದರೆ ಜೇಬುಗಳ್ಳನ ಸ್ಥಾನಕ್ಕೆ ಮಾತಿನ ಮೋಡಿಗಾರನು ಬಂದಿದ್ದಾನೆ. ಬ್ಯಾಂಕಿನ ಅಧಿಕಾರಿಯೆಂದು ಹೇಳಿಕೊಂಡು, ಹಣ ಬರಬೇಕಾದರೆ ಪಿನ್ ಒತ್ತಿರೆಂದು ಅವನು ಪುಸಲಾಯಿಸುತ್ತಾನೆ. ಹಣ ಕೊಡುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕೆ ಬೇಕಿಲ್ಲ ಎಂಬ ಒಂದು ಮಾತನ್ನು ತಿಳಿದಿದ್ದರೆ ಅನೇಕರ ವರ್ಷದ ದುಡಿಮೆ ಉಳಿಯುತ್ತದೆ. ಮೋಸಹೋದವರು ಒಡನೆಯೇ 1930 ಸಂಖ್ಯೆಗೆ ಕರೆ ಮಾಡಬೇಕು. ಸಂಶಯಾಸ್ಪದ ವ್ಯವಹಾರಗಳನ್ನು ಪತ್ತೆಹಚ್ಚಿ ತಡೆಯಲು ಪಾವತಿ ಸಂಸ್ಥೆಗಳಲ್ಲಿಯೂ ಪ್ರತ್ಯೇಕ ತಂಡಗಳಿರುತ್ತವೆ. ಆದರೆ ತನ್ನ ಕೈಯಾರೆ ಬೀಗದ ಕೈಯನ್ನು ಕೊಟ್ಟವನನ್ನು ಕಾಪಾಡುವುದು ಅವರಿಗೂ ಕಷ್ಟ.

ಬೆಳೆಯುತ್ತಿರುವ ಸಂಸ್ಥೆಯ ಕೆಲಸಕ್ಕೆ ಒಳ್ಳೆಯ ಸಂಬಳವೂ ಗೌರವವೂ ಉಂಟು. ಕಿರಿಯರಿಗೂ ಬೇಗನೆ ದೊಡ್ಡ ಹೊಣೆ ದೊರೆಯುತ್ತದೆ. ನಿನ್ನೆ ಸೇರಿದವನು ಇಂದು ಸೇರಿದವನಿಗೆ ಗುರುವಾಗುತ್ತಾನೆ. ಅದರೊಡನೆಯೇ ಕೆಟ್ಟ ನಿದ್ರೆ, ತಪ್ಪಿದ ಹಬ್ಬ, ತಲೆಯ ಮೇಲಿನ ಭಾರ ಇವೂ ಉಂಟು. ಈ ಕೆಲಸ ಸರಿಯಾಗಿ ನಡೆದ ದಿನ ಯಾರೂ ಹೊಗಳುವುದಿಲ್ಲ, ಕೆಟ್ಟ ದಿನ ಮಾತ್ರ ಎಲ್ಲರೂ ಕೇಳುತ್ತಾರೆ. ನೀರು ಬಿಡುವವನ ನೆನಪಾಗುವುದು ನಲ್ಲಿ ಒಣಗಿದಾಗಲೇ ಅಲ್ಲವೆ?

ಇಂತಹ ಉದ್ಯೋಗಕ್ಕೆ ಗಣಕಯಂತ್ರದ ಜ್ಞಾನವೊಂದೇ ಸಾಲದು. ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಸಹಿಸದ ಶಿಸ್ತು ಬೇಕು. ತಪ್ಪಾದಾಗ ಮುಚ್ಚಿಡದೆ ಹೇಳುವ ಧೈರ್ಯ ಬೇಕು. ಪರರ ಹಣವು ಕೈಯಳತೆಯಲ್ಲಿದ್ದರೂ ಆಸೆಪಡದ ಮನಸ್ಸು ಬೇಕು. ಇವುಗಳನ್ನು ಕಲಿಯಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಶಾಲೆಯ ಸಹಕಾರ ಸಂಘದ ಲೆಕ್ಕವನ್ನು ಸರಿಯಾಗಿ ಬರೆಯುವ ಬಾಲಕನೂ, ಅಂಗಡಿಯವನು ಮರೆತು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಹಿಂತಿರುಗಿಸುವ ಬಾಲಕಿಯೂ ಈಗಾಗಲೇ ಅದನ್ನು ಕಲಿಯತೊಡಗಿದ್ದಾರೆ. ಯಂತ್ರಗಳು ಎಷ್ಟೇ ವೇಗವಾಗಿ ಹಣವನ್ನು ಸಾಗಿಸಲಿ, ಅದು ಕ್ಷೇಮವಾಗಿ ಸೇರುವುದು ಮನುಷ್ಯರ ಪ್ರಾಮಾಣಿಕತೆಯ ಬಲದಿಂದಲೇ.

ಪ್ರಶ್ನೆಗಳು

1. ಅಂಚೆಯವನ ಮೇಲಿನ ನಂಬಿಕೆಗೂ ಇಂದಿನ ಪಾವತಿಯ ಮೇಲಿನ ನಂಬಿಕೆಗೂ ಇರುವ ವ್ಯತ್ಯಾಸವೇನು?
2. ಪ್ರತಿಯೊಂದು ಪಾವತಿಗೂ ಬೇರೆ ಬೇರೆ ಗುರುತಿನ ಸಂಖ್ಯೆಯನ್ನು ಏಕೆ ಕೊಡುತ್ತಾರೆ?
3. 2020ರ ಮಾರ್ಚಿನ ಘಟನೆಯಿಂದ ಕಲಿಯಬೇಕಾದ ಪಾಠವನ್ನು ವಿವರಿಸಿರಿ.
4. "ಕೋಟಿ ಪಾವತಿಗಳಲ್ಲಿ ಒಂದು ತಪ್ಪಿತೆಂಬುದು ಲೆಕ್ಕದ ಪುಸ್ತಕದಲ್ಲಿ ಅತ್ಯಲ್ಪ." ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ಬರೆಯಿರಿ.
5. ಪಾವತಿಯ ಮೋಸಗಳಿಂದ ಪಾರಾಗುವ ಬಗೆಯನ್ನು ನಿಮ್ಮ ಮನೆಯ ಹಿರಿಯರಿಗೆ ತಿಳಿಸುವ ಪತ್ರವೊಂದನ್ನು ಬರೆಯಿರಿ.