ರಕ್ತದೊತ್ತಡ: ವೈದ್ಯರ ನಿರ್ಣಯ, ರೋಗಿಯ ಸತ್ಯ

ರಕ್ತದೊತ್ತಡವು ಒಮ್ಮೆ ತುಸು ಹೆಚ್ಚಾಗಿ ಕಂಡ ಮಾತ್ರಕ್ಕೆ ಕುಟುಂಬ ವೈದ್ಯರು ಮಾತ್ರೆ ಬರೆಯುವುದಿಲ್ಲ. ಅವಸರದ ನಡಿಗೆ, ಕಾಫಿ, ಮನಸ್ಸಿನ ಕಳವಳ ಇವೆಲ್ಲವೂ ಅದನ್ನು ತಾತ್ಕಾಲಿಕವಾಗಿ ಏರಿಸುತ್ತವೆ. ಆದುದರಿಂದ ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಎರಡು ಬಾರಿ ಅಳೆಯುತ್ತಾರೆ. ಬೇರೊಂದು ದಿನವೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡವೆಂದು ನಿರ್ಣಯಿಸುತ್ತಾರೆ. 180/110 ದಾಟಿದ್ದರೆ ಮಾತ್ರ ಕಾಯುವಂತಿಲ್ಲ.

ಅನಂತರ ವಯಸ್ಸು, ಮಧುಮೇಹ, ಹೃದ್ರೋಗ, ಮೂತ್ರಪಿಂಡಗಳ ಸ್ಥಿತಿ, ತಂಬಾಕಿನ ಚಟ ಇವುಗಳನ್ನು ವಿಚಾರಿಸುತ್ತಾರೆ. ಒತ್ತಡದ ಏರಿಕೆ ಅಲ್ಪವಾಗಿದ್ದು ಬೇರೆ ಅಪಾಯಗಳಿಲ್ಲದಿದ್ದರೆ ಮೊದಲು ಆಹಾರ-ವಿಹಾರಗಳ ತಿದ್ದುಪಡಿಯನ್ನೇ ಸೂಚಿಸಬಹುದು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ.

ಮಾತ್ರೆ ಆರಂಭವಾದ ಮೇಲೆ ಅನೇಕರು ಒತ್ತಡ ಸರಿಹೋಯಿತೆಂದು ತಾವಾಗಿಯೇ ಅದನ್ನು ಬಿಟ್ಟುಬಿಡುತ್ತಾರೆ; ಕೇಳಿದರೆ ಸಂಕೋಚದಿಂದ ಸೇವಿಸುತ್ತಿರುವೆವೆನ್ನುತ್ತಾರೆ. ಆ ಮಾತನ್ನು ನಂಬಿದ ವೈದ್ಯರು ಪ್ರಮಾಣ ಸಾಲದೆಂದು ಬಗೆದು ಮತ್ತೊಂದು ಮಾತ್ರೆ ಸೇರಿಸುತ್ತಾರೆ. ಎರಡನ್ನೂ ಒಮ್ಮೆಗೇ ನುಂಗಿದರೆ ಒತ್ತಡ ಕುಸಿದು ತಲೆಸುತ್ತಿ ಬೀಳುವ ಭಯವುಂಟು. ಯಾರಿಗೂ ತಿಳಿಸದೆ ಸರ್ಪಗಂಧವನ್ನು ಜೊತೆಗೆ ಸೇವಿಸುವುದೂ ಇಂಥದೇ ಅಪಾಯ. ಅದು ಸ್ವತಃ ಒತ್ತಡವನ್ನು ತಗ್ಗಿಸುವ ಪ್ರಬಲ ಮೂಲಿಕೆ.

ಆಯುರ್ವೇದ ಚಿಕಿತ್ಸೆ ಬಯಸಿ ಬರುವವರಿಗೂ ನಾವು ಹೇಳುವುದಿಷ್ಟೆ: ನಡೆಯುತ್ತಿರುವ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸದಿರಿ. ಸೇವಿಸುವುದೆಲ್ಲವನ್ನೂ, ತಪ್ಪಿದ ದಿನಗಳನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿರಿ. ಅವರ ನಿರ್ಣಯ ಸರಿಯಾಗಲು ನಿಮ್ಮ ಸತ್ಯವೇ ಆಧಾರ.