ಪಾರ್ಶ್ವವಾಯು ಮತ್ತು ಉಸಿರಾಟದ ಯಂತ್ರ

ಮೆದುಳಿನ ರಕ್ತನಾಳವು ಮುಚ್ಚಿಕೊಂಡರೆ ಇಲ್ಲವೇ ಒಡೆದರೆ ಪಾರ್ಶ್ವವಾಯು ಉಂಟಾಗುತ್ತದೆ. ಹಳ್ಳಿಗಳಲ್ಲಿ ಇದಕ್ಕೆ 'ಲಕ್ವ ಹೊಡೆಯಿತು' ಎನ್ನುತ್ತಾರೆ. ಆಘಾತವು ತೀವ್ರವಾಗಿದ್ದರೆ ರೋಗಿಗೆ ಎಚ್ಚರ ತಪ್ಪುವುದು, ಉಸಿರಾಟ ಕುಂದುವುದು, ಜೊಲ್ಲು ಶ್ವಾಸಕೋಶಕ್ಕೆ ಇಳಿಯುವುದು. ಆಗ ಗಂಟಲಿನೊಳಗೆ ಕೊಳವೆಯಿಳಿಸಿ ಯಂತ್ರದಿಂದ ಉಸಿರಾಡಿಸಬೇಕಾಗುತ್ತದೆ.

ಈ ಯಂತ್ರವು ಉಸಿರಾಟವನ್ನು ನಡೆಸುತ್ತದೆಯೇ ಹೊರತು ಹಾನಿಗೊಂಡ ಮೆದುಳನ್ನು ಸರಿಪಡಿಸುವುದಿಲ್ಲ. ಇಂತಹ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಇಲ್ಲವೇ ಅದಕ್ಕೂ ಹೆಚ್ಚು ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಹಲವರಿಗೆ ಉಣ್ಣಲು, ಉಡಲು ಇನ್ನೊಬ್ಬರ ನೆರವು ಬೇಕು. ಆದರೂ ಕೆಲವರು ತಿಂಗಳುಗಟ್ಟಲೆಯ ಅಭ್ಯಾಸದಿಂದ ಮತ್ತೆ ನಡೆದಾಡುವರು. ಆದುದರಿಂದ ಮೊದಲ ದಿನವೇ ಆಸೆ ಬಿಡಬಾರದು. ಯಂತ್ರವಿದೆಯೆಂದು ಪೂರ್ಣ ಗುಣವನ್ನೂ ನಿರೀಕ್ಷಿಸಬಾರದು. "ಬದುಕಿದರೆ ಹೇಗೆ ಬದುಕುವರು?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಅಂತಹ ಬಾಳು ತಮಗೆ ಒಪ್ಪಿಗೆಯೇ ಎಂಬುದನ್ನು ಸತಿಪತಿಗಳು ಆರೋಗ್ಯವಾಗಿರುವಾಗಲೇ ಪರಸ್ಪರ ತಿಳಿಸಿಕೊಂಡಿರುವುದು ಲೇಸು.

ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ರಕ್ತನಾಳ ಮುಚ್ಚಿದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗೆ ಕೊಡಬೇಕು. ರಕ್ತದೊತ್ತಡವನ್ನು ತಪ್ಪದೆ ಪರೀಕ್ಷಿಸಿಕೊಳ್ಳಿರಿ. ಯಂತ್ರದವರೆಗೆ ಹೋಗದಿರಲು ಅದೇ ಮೊದಲ ದಾರಿ.