ಯಾವ ಕೆಲಸ ಮೊದಲು? – ಕಾರ್ಯಾನುಕ್ರಮದ ಲೆಕ್ಕಾಚಾರ

ಮಾರ್ಚ್ 31ರಂದು ದಾಸ್ತಾನು ಪರಿಶೀಲನೆಗೆಂದು ಕಾರ್ಖಾನೆಗಳಿಗೆ ಹೋಗುವುದು ಲೆಕ್ಕ ಪರಿಶೋಧಕರ ವಾರ್ಷಿಕ ವಿಧಿ. ಕೆಲವು ವರ್ಷಗಳ ಹಿಂದೆ ಹೀಗೆ ಹೋದಾಗ, ಹನ್ನೆರಡು ಮಂದಿ ದುಡಿಯುವ ಒಂದು ಸಣ್ಣ ಯಂತ್ರಾಗಾರದಲ್ಲಿ ಅರೆಸಿದ್ಧ ಸರಕು ಗೋಡೆಯುದ್ದಕ್ಕೂ ಬಿದ್ದಿರುವುದನ್ನು ಕಂಡೆ. ಅದರಲ್ಲಿ ಹೆಚ್ಚಿನದು ಒಂದೇ ಕಂಪನಿಗೆ ಹೋಗಬೇಕಾದ ಪಂಪ್ ಶಾಫ್ಟುಗಳು. "ಇವನ್ನು ಅರ್ಧಕ್ಕೇ ಏಕೆ ಇಳಿಸಿದಿರಿ?" ಎಂದು ಕೇಳಿದೆ. "ಯಾರ ಫೋನು ಜೋರಾಗಿ ಬರುತ್ತದೋ ಅವರ ಕೆಲಸ ಯಂತ್ರಕ್ಕೆ ಏರುತ್ತದೆ ಸರ್. ಶಾಫ್ಟಿನವರು ಮರ್ಯಾದಸ್ಥರು, ಫೋನು ಮಾಡುವುದಿಲ್ಲ" ಎಂದು ಮಾಲೀಕರು ನಕ್ಕರು. ಆ ಮರ್ಯಾದಸ್ಥರು ಮುಂದಿನ ವರ್ಷದ ಖರೀದಿ ಆದೇಶವನ್ನು ಬೇರೆಡೆಗೆ ಕೊಟ್ಟರು. ಅದನ್ನೂ ಫೋನು ಮಾಡದೆಯೇ ಕೊಟ್ಟರು. ಆ ಘಟಕದ ಎರಡನೇ ಪಾಳಿ ನಿಂತುಹೋಯಿತು.

ಯಂತ್ರದ ಸಾಮರ್ಥ್ಯ ಕಡಿಮೆಯಾಯಿತೆಂದು ಮಾಲೀಕರು ಹೊಸ ಲೇತಿಗಾಗಿ ಬ್ಯಾಂಕ್ ಸಾಲದ ಅರ್ಜಿಯನ್ನು ಸಿದ್ಧಪಡಿಸಲು ಹೇಳಿದರು. ಅರ್ಜಿಗೆ ಮೊದಲು ಕೈಯಲ್ಲಿರುವ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆಯೋಣವೆಂದು ನಾನು ಸೂಚಿಸಿದೆ. ಆ ಹಾಳೆಯಿಂದ ಹುಟ್ಟಿದ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ. ಅಂಕಿಗಳನ್ನು ಅನುಕೂಲಕ್ಕಾಗಿ ದುಂಡಾಗಿಸಿದ್ದೇನೆ, ರಜಾ ದಿನಗಳನ್ನು ಗಣನೆಗೆ ತೆಗೆದುಕೊಂಡಿಲ್ಲ.

ಒಂದು ಲೇತ್, ಐದು ಕೆಲಸ

ಎಲ್ಲ ಕೆಲಸಗಳೂ ಒಂದೇ ಲೇತಿನ ಮೇಲೆ ಹಾಯಬೇಕು. ಅವು ಬಂದ ಸರತಿ, ತಗಲುವ ದಿನಗಳು, ಇಂದಿನಿಂದ ಎಣಿಸಿದರೆ ಒಪ್ಪಿಸಬೇಕಾದ ವಾಯಿದೆ ಮತ್ತು ಬೀಜಕದ ಮೊತ್ತ ಹೀಗಿವೆ:

ಪುಲ್ಲಿ – 6 ದಿನ, ವಾಯಿದೆ 22ನೇ ದಿನ, ರೂ. 1,20,000
ಪಂಪ್ ಶಾಫ್ಟ್ – 8 ದಿನ, ವಾಯಿದೆ 10ನೇ ದಿನ, ರೂ. 4,00,000
ಬುಷ್ – 2 ದಿನ, ವಾಯಿದೆ 7ನೇ ದಿನ, ರೂ. 50,000
ಫ್ಲ್ಯಾಂಜ್ – 5 ದಿನ, ವಾಯಿದೆ 19ನೇ ದಿನ, ರೂ. 75,000
ಗಿರಣಿ ರೋಲರ್ – 3 ದಿನ; ವಾಯಿದೆ 24ನೇ ದಿನ; ರೂ. 90,000

ಒಟ್ಟು 24 ದಿನಗಳ ಕೆಲಸ. ಯಾವ ಕ್ರಮದಲ್ಲಿ ಮಾಡಿದರೂ ಲೇತು 24 ದಿನ ತಿರುಗಲೇಬೇಕು. ಕೂಲಿ, ವಿದ್ಯುತ್ತು, ಸವಕಳಿ ಯಾವುದೂ ಬದಲಾಗದು. ಆದುದರಿಂದಲೇ ಕ್ರಮದಿಂದ ಏನು ವ್ಯತ್ಯಾಸವೆಂದು ನಮ್ಮ ಉದ್ದಿಮೆದಾರರು ಕೇಳುತ್ತಾರೆ.

ಮೊದಲು, ಬಂದ ಸರತಿಯಲ್ಲಿಯೇ ಮಾಡಿದೆವೆನ್ನೋಣ. ಕೆಲಸಗಳು ಕ್ರಮವಾಗಿ 6, 14, 16, 21 ಮತ್ತು 24ನೇ ದಿನ ಮುಗಿಯುತ್ತವೆ. ಒಂದು ಕೆಲಸ ಸರಾಸರಿ 16.2 ದಿನ ನಮ್ಮಲ್ಲಿರುತ್ತದೆ. ಶಾಫ್ಟು 4 ದಿನ, ಬುಷ್ 9 ದಿನ, ಫ್ಲ್ಯಾಂಜ್ 2 ದಿನ ತಡವಾಗುತ್ತವೆ. ಐವರು ಗ್ರಾಹಕರಲ್ಲಿ ಮೂವರಿಗೆ ನಾವು ಮಾತು ತಪ್ಪಿದಂತಾಯಿತು. ಬಂದ ಸರತಿಯೆಂಬುದು ಕ್ಷೌರದಂಗಡಿಯಲ್ಲಿಯೂ ನ್ಯಾಯಬೆಲೆ ಅಂಗಡಿಯಲ್ಲಿಯೂ ಸರಿಯಾದ ನ್ಯಾಯವೇ. ಅಲ್ಲಿ ಜನ ಕಾಲ ಮೇಲೆ ನಿಂತಿರುತ್ತಾರೆ. ಖರೀದಿ ಆದೇಶಗಳು ಹಾಗೆ ನಿಂತಿರುವುದಿಲ್ಲ, ಅವುಗಳಿಗಿರುವುದು ವಾಯಿದೆ.

ಎರಡನೆಯದು, ಕಡಿಮೆ ಅವಧಿಯ ಕೆಲಸ ಮೊದಲು ಎಂಬ ಸೂತ್ರ. ಬುಷ್, ರೋಲರ್, ಫ್ಲ್ಯಾಂಜ್, ಪುಲ್ಲಿ, ಶಾಫ್ಟ್ ಎಂಬ ಕ್ರಮದಲ್ಲಿ ಮಾಡಿದರೆ ಅವು 2, 5, 10, 16, 24ನೇ ದಿನ ಮುಗಿದು, ಸರಾಸರಿ 11.4 ದಿನಕ್ಕೆ ಇಳಿಯುತ್ತದೆ. ಇದಕ್ಕಿಂತ ಕಡಿಮೆ ಸರಾಸರಿ ಬೇರಾವ ಕ್ರಮದಲ್ಲಿಯೂ ಬಾರದು. ಕಾರಣ ಸರಳ: 8 ದಿನದ ಕೆಲಸದ ಹಿಂದೆ 2 ದಿನದ ಕೆಲಸವಿದ್ದು ಅವೆರಡನ್ನು ಅದಲುಬದಲು ಮಾಡಿದರೆ, ದೊಡ್ಡದು 2 ದಿನ ಹಿಂದೆ ಬೀಳುತ್ತದೆ, ಚಿಕ್ಕದು 8 ದಿನ ಮುಂದೆ ಬರುತ್ತದೆ, 6 ದಿನ ಉಳಿತಾಯ. ಮಿಕ್ಕವಕ್ಕೆ ಏನೂ ಆಗುವುದಿಲ್ಲ. ಗೋಡೆಯ ಬದಿಯ ರಾಶಿ ಬೇಗ ಕರಗುತ್ತದೆ, ತಡವಾಗುವ ಕೆಲಸವೂ ಒಂದೇ. ಆದರೆ ಆ ಒಂದು ಯಾವುದು? ನಾಲ್ಕು ಲಕ್ಷದ ಶಾಫ್ಟು, ಅದೂ 14 ದಿನ ತಡ. ದೊಡ್ಡ ಕೆಲಸವನ್ನು ಸದಾ ಹಿಂದಕ್ಕೆ ತಳ್ಳುವುದು ಈ ಸೂತ್ರದ ಸ್ವಭಾವದೋಷ. ದಿನವೂ ಸಣ್ಣ ಕೆಲಸಗಳು ಬರುತ್ತಲೇ ಇದ್ದರೆ ದೊಡ್ಡದರ ಸರದಿ ಎಂದಿಗೂ ಬಾರದೇ ಹೋಗಬಹುದು.

ಮೂರನೆಯದು, ವಾಯಿದೆ ಹತ್ತಿರವಿರುವ ಕೆಲಸ ಮೊದಲು. ಅತ್ಯಂತ ಹೆಚ್ಚು ತಡವಾಗುವ ಕೆಲಸದ ತಡವನ್ನು ಆದಷ್ಟು ಕಡಿಮೆ ಮಾಡುವ ಕ್ರಮವಿದೆಂದು ಅಮೆರಿಕದ ಜೆ. ಆರ್. ಜಾಕ್ಸನ್ 1955ರಲ್ಲಿ ತೋರಿಸಿದರು. ಬುಷ್ 2ನೇ ದಿನ, ಶಾಫ್ಟ್ 10ನೇ ದಿನ, ಫ್ಲ್ಯಾಂಜ್ 15ನೇ ದಿನ, ಪುಲ್ಲಿ 21ನೇ ದಿನ, ರೋಲರ್ 24ನೇ ದಿನ. ಸರಾಸರಿ 14.4 ದಿನ, ಆದರೆ ಒಂದು ಕೆಲಸವೂ ತಡವಿಲ್ಲ. ಹಾಳೆಯ ಮೇಲೆ ಇದನ್ನು ಕಂಡ ಮಾಲೀಕರು ಬಹಳ ಹೊತ್ತು ಮಾತನಾಡಲಿಲ್ಲ. ಅದೇ ಲೇತು, ಅದೇ ಕೆಲಸಗಾರ, ಅದೇ 24 ದಿನ.

ರೂಪಾಯಿಯ ದೃಷ್ಟಿಯಿಂದ

ಲೆಕ್ಕಿಗನಾದ ನನಗೆ ದಿನಗಳ ಸರಾಸರಿಯಿಂದ ತೃಪ್ತಿಯಾಗದು. ಐವತ್ತು ಸಾವಿರದ ಕೆಲಸ ಒಂದು ದಿನ ಕಾಯುವುದೂ ನಾಲ್ಕು ಲಕ್ಷದ ಕೆಲಸ ಒಂದು ದಿನ ಕಾಯುವುದೂ ಸಮವಲ್ಲ. ಬೀಜಕದ ಮೊತ್ತವನ್ನು ತಗಲುವ ದಿನಗಳಿಂದ ಭಾಗಿಸಿ, ಭಾಗಲಬ್ಧ ದೊಡ್ಡದಿರುವುದನ್ನು ಮೊದಲು ಮಾಡಿದರೆ ಕಾಯುವ ಹಣ ಅತ್ಯಲ್ಪವಾಗುವುದೆಂಬ ನಿಯಮವನ್ನು 1956ರಲ್ಲಿ ಡಬ್ಲ್ಯೂ. ಇ. ಸ್ಮಿತ್ ಕೊಟ್ಟರು. ನಮ್ಮ ಉದಾಹರಣೆಯಲ್ಲಿ ಶಾಫ್ಟಿಗೆ ದಿನಕ್ಕೆ ರೂ. 50,000, ರೋಲರಿಗೆ 30,000, ಬುಷ್‌ಗೆ 25,000, ಪುಲ್ಲಿಗೆ 20,000, ಫ್ಲ್ಯಾಂಜಿಗೆ 15,000. ಕ್ರಮವೂ ಇದೇ.

ಪ್ರತಿ ಕೆಲಸದ ಮೊತ್ತವನ್ನು ಅದು ಮುಗಿಯುವ ದಿನದಿಂದ ಗುಣಿಸಿ ಕೂಡಿದರೆ, ಸ್ಮಿತ್ ಕ್ರಮದಲ್ಲಿ 89.20 ಲಕ್ಷ 'ರೂಪಾಯಿ-ದಿನ'ಗಳು. ವಾಯಿದೆಯ ಕ್ರಮದಲ್ಲಿ 99.05 ಲಕ್ಷ, ಬಂದ ಸರತಿಯಲ್ಲಿ 108.55 ಲಕ್ಷ; ಕಡಿಮೆ ಅವಧಿ ಮೊದಲೆಂಬ ಕ್ರಮದಲ್ಲಿ 128.20 ಲಕ್ಷ. ದಿನಗಳ ಲೆಕ್ಕದಲ್ಲಿ ಮೊದಲ ಸ್ಥಾನ ಪಡೆದದ್ದು ಹಣದ ಲೆಕ್ಕದಲ್ಲಿ ಕೊನೆಗೆ ಬಂದಿತು!

ಆದರೆ ಇದನ್ನು ಉತ್ಪ್ರೇಕ್ಷಿಸಬಾರದು. ಶೇ. 12ರ ಬಡ್ಡಿಯಲ್ಲಿ ಅತ್ಯುತ್ತಮ ಹಾಗೂ ಅತಿ ಕೆಟ್ಟ ಕ್ರಮಗಳ ನಡುವಿನ ಅಂತರ ಸುಮಾರು 1,280 ರೂಪಾಯಿ ಮಾತ್ರ. ವಾಯಿದೆಯ ಕ್ರಮಕ್ಕೂ ಸ್ಮಿತ್ ಕ್ರಮಕ್ಕೂ ಇರುವ ಅಂತರ ಸುಮಾರು 325 ರೂಪಾಯಿ. ಅಷ್ಟನ್ನು ಉಳಿಸಲು ಹೋದರೆ ಬುಷ್ 6 ದಿನ, ಫ್ಲ್ಯಾಂಜ್ 5 ದಿನ ತಡವಾಗುತ್ತವೆ. ವಾರಕ್ಕೆ ಶೇ. ಅರ್ಧದಂತೆ ವಿಳಂಬ ದಂಡವೆಂದು ಒಪ್ಪಂದದಲ್ಲಿದ್ದರೆ, ಶಾಫ್ಟಿನ 14 ದಿನಗಳ ತಡಕ್ಕೆ ಬೀಳುವ ದಂಡವೂ 4,000 ರೂಪಾಯಿ ಅಷ್ಟೆ. ನಿಜವಾದ ನಷ್ಟ ನಮ್ಮ ಲೆಕ್ಕದ ಪುಸ್ತಕದ ಯಾವ ಖಾತೆಯಲ್ಲಿಯೂ ಕಾಣಿಸದು. ಬಾರದೇ ಹೋದ ಆದೇಶಕ್ಕೆ ಖರ್ಚು ಬರೆಯುವ ಕ್ರಮ ಲೆಕ್ಕಶಾಸ್ತ್ರದಲ್ಲಿಲ್ಲ.

ಹಣದ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ಸೂಕ್ಷ್ಮ ಹಾಗೂ ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಹಣ ಕೊಡುವ ಗಡುವು, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ 16ನೇ ಕಲಮಿನಂತೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ನಮ್ಮ ಸದಸ್ಯರು ಈ 45 ದಿನಗಳ ಬಗ್ಗೆ ಬಹಳ ಮಾತನಾಡುತ್ತಾರೆ. ಆದರೆ ಆ ಎಣಿಕೆ ಸರಕನ್ನು ಸ್ವೀಕರಿಸಿದ ದಿನದಿಂದ ಆರಂಭವಾಗುತ್ತದೆ. ನಮ್ಮದೇ ಗೋಡೆಯ ಬದಿ ಬಿದ್ದಿರುವ ದಿನಗಳಿಗೆ ಯಾವ ಕಾಯ್ದೆಯೂ ಬಡ್ಡಿ ಕೊಡಿಸುವುದಿಲ್ಲ.

ಆರನೆಯ ಕೆಲಸ ಬಂದಾಗ

ಈಗ ಒಬ್ಬ ಹೊಸ ಗ್ರಾಹಕರು ಕಪ್ಲಿಂಗ್ ಕೆಲಸ ತರುತ್ತಾರೆ: 4 ದಿನದ ಕೆಲಸ, 12ನೇ ದಿನಕ್ಕೆ ಬೇಕು. ಬಿಡುವುದೇಕೆಂದು ಒಪ್ಪಿಕೊಂಡು ವಾಯಿದೆಯ ಕ್ರಮದಲ್ಲಿಯೇ ಸೇರಿಸಿದರೆ ಕಪ್ಲಿಂಗ್ 14ನೇ ದಿನ, ಪುಲ್ಲಿ 25ನೇ ದಿನ, ರೋಲರ್ 28ನೇ ದಿನ ಮುಗಿದು ಕ್ರಮವಾಗಿ 2, 3, 4 ದಿನ ತಡ. ಒಬ್ಬರನ್ನು ಮೆಚ್ಚಿಸಲು ಹೋಗಿ, ಅವರನ್ನೂ ಸೇರಿಸಿ ಮೂವರಿಗೆ ತಪ್ಪಿದೆವು.

ತಡವಾಗುವವರ ಸಂಖ್ಯೆಯನ್ನು ಕನಿಷ್ಠಗೊಳಿಸುವ ಉಪಾಯವನ್ನು ಮೂರ್ ಎಂಬುವರು 1968ರಲ್ಲಿ ಪ್ರಕಟಿಸಿದರು: ವಾಯಿದೆಯ ಕ್ರಮದಲ್ಲಿ ಸಾಗುತ್ತ, ತಡವಾಗುವ ಕೆಲಸ ಎದುರಾದ ಕೂಡಲೆ ಅಲ್ಲಿಯವರೆಗಿನವುಗಳಲ್ಲಿ ಅತಿ ದೀರ್ಘವಾದುದನ್ನು ತೆಗೆದು ಕೊನೆಗೆ ಹಾಕುವುದು. ಇಲ್ಲಿ ಕೊನೆಗೆ ಹೋಗುವುದು ಮತ್ತೆ ಶಾಫ್ಟೇ. 28ನೇ ದಿನ ಮುಗಿದು 18 ದಿನ ತಡವಾಗುತ್ತದೆ. ಉಳಿದ ಐದೂ ಸಕಾಲಕ್ಕೆ. ಗಣಿತವಾಗಿ ನಿರ್ದೋಷ, ವ್ಯಾಪಾರವಾಗಿ ಆತ್ಮಹತ್ಯೆ. ಸೂತ್ರಗಳು ತಲೆ ಎಣಿಸುತ್ತವೆ, ಮುಖ ನೋಡುವುದಿಲ್ಲ; ಆ ಭಾಗ ಮಾಲೀಕರದೇ.

ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ ಬೇರೆ. ಹಾಳೆ ನಮ್ಮೆದುರಿಗಿದ್ದರೆ ಕಪ್ಲಿಂಗಿನವರಿಗೆ ಆದೇಶ ಪಡೆಯುವಾಗಲೇ "28ನೇ ದಿನ ಕೊಡುತ್ತೇವೆ, ಅದಕ್ಕೆ ಮೊದಲು ಸಾಧ್ಯವಿಲ್ಲ" ಎನ್ನಬಹುದು. ಅವರು ಒಪ್ಪಿದರೆ ಆರೂ ಕೆಲಸ ಸಕಾಲಕ್ಕೆ ಮುಗಿಯುತ್ತವೆ. ಒಪ್ಪದಿದ್ದರೆ ಪುಲ್ಲಿ ಮತ್ತು ರೋಲರಿನವರನ್ನು ಮೂರು ನಾಲ್ಕು ದಿನದ ಸಾವಕಾಶ ಕೇಳಿ ನೋಡಬಹುದು. ಆಗ ಕಪ್ಲಿಂಗ್ 14ನೇ ದಿನ ಸಿಗುತ್ತದೆ. ವಾಯಿದೆ ಆಕಾಶದಿಂದ ಇಳಿದು ಬಂದದ್ದಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಯಂತ್ರದ ಸರದಿ ನೋಡದೆ ನಾವೇ ಬಾಯಿಬಿಟ್ಟು ಹೇಳಿರುತ್ತೇವೆ.

ಎರಡು ಹಂತಗಳಿದ್ದರೆ

ಕೆಲಸ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಬೇಕಾದಲ್ಲಿ ಲೆಕ್ಕ ಬದಲಾಗುತ್ತದೆ. ಮುದ್ರಣಾಲಯದ ಉದಾಹರಣೆ ಎಲ್ಲರಿಗೂ ಪರಿಚಿತ: ಮೊದಲು ಮುದ್ರಣ, ಅನಂತರ ಬೈಂಡಿಂಗ್. ಐದು ಕೆಲಸಗಳಿಗೆ ಬೇಕಾದ ಗಂಟೆಗಳು ಇವು, ಮೊದಲಿನದು ಮುದ್ರಣಕ್ಕೆ, ಎರಡನೆಯದು ಬೈಂಡಿಂಗಿಗೆ: ದಿನಚರಿ 7, 5, ಬಿಲ್ ಪುಸ್ತಕ 2, 6, ಸ್ಮರಣ ಸಂಚಿಕೆ 8, 3, ನೋಟು ಪುಸ್ತಕ 4, 9, ವಾರ್ಷಿಕ ವರದಿ 5, 1.

ಎಸ್. ಎಂ. ಜಾನ್ಸನ್ 1954ರಲ್ಲಿ ಪ್ರಕಟಿಸಿದ ನಿಯಮ ಹೀಗಿದೆ. ಎಲ್ಲ ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿರಿ. ಅದು ಮೊದಲ ಹಂತದ್ದಾದರೆ ಆ ಕೆಲಸವನ್ನು ಸಾಲಿನ ಆರಂಭಕ್ಕೂ ಎರಡನೇ ಹಂತದ್ದಾದರೆ ಕೊನೆಗೂ ಹಾಕಿರಿ. ಆ ಕೆಲಸವನ್ನು ಹೊಡೆದುಹಾಕಿ, ಉಳಿದವುಗಳಿಗೆ ಉಳಿದ ಸ್ಥಾನಗಳಲ್ಲಿ ಇದನ್ನೇ ಪುನರಾವರ್ತಿಸಿರಿ. ಇಲ್ಲಿ ಅತಿ ಚಿಕ್ಕದು ವಾರ್ಷಿಕ ವರದಿಯ ಬೈಂಡಿಂಗ್, 1, ಅದು ಕೊನೆಗೆ. ಬಿಲ್ ಪುಸ್ತಕದ ಮುದ್ರಣ, 2; ಅದು ಮೊದಲಿಗೆ. ಸ್ಮರಣ ಸಂಚಿಕೆಯ ಬೈಂಡಿಂಗ್, 3, ಕೊನೆಯಿಂದ ಎರಡನೆಯದು. ನೋಟು ಪುಸ್ತಕದ ಮುದ್ರಣ, 4, ಆರಂಭದಿಂದ ಎರಡನೆಯದು. ನಡುವೆ ಉಳಿದದ್ದು ದಿನಚರಿ.

ಈ ಕ್ರಮದಲ್ಲಿ ಇಡೀ ಕೆಲಸ 27 ಗಂಟೆಗಳಲ್ಲಿ ಮುಗಿಯುತ್ತದೆ. ಮುದ್ರಣಕ್ಕೇ 26 ಗಂಟೆ ಬೇಕಾಗಿ, ಕೊನೆಯ ಕೆಲಸಕ್ಕೆ ಕನಿಷ್ಠ ಒಂದು ಗಂಟೆಯಾದರೂ ಬೈಂಡಿಂಗ್ ಇರುವುದರಿಂದ, ಇದಕ್ಕಿಂತ ಬೇಗ ಯಾರಿಂದಲೂ ಸಾಧ್ಯವಿಲ್ಲ. ಮೇಲೆ ಬರೆದ ಸರತಿಯಲ್ಲಿಯೇ ಮಾಡಿದ್ದರೆ 31 ಗಂಟೆ. ಜಾನ್ಸನ್ ಕ್ರಮವನ್ನು ತಲೆಕೆಳಗು ಮಾಡಿದರೆ 40 ಗಂಟೆ, ಅಂದರೆ ಎಂಟು ಗಂಟೆಯ ಐದು ಪೂರ್ಣ ಪಾಳಿಗಳು. ಮುದ್ರಣದಲ್ಲಿ ಬೇಗ ಮುಗಿದು ಬೈಂಡಿಂಗಿಗೆ ಹೆಚ್ಚು ಹೊತ್ತು ಹಿಡಿಯುವುದನ್ನು ಮೊದಲು ಬಿಟ್ಟರೆ ಬೈಂಡಿಂಗಿನವರ ಕೈಗೆ ಬೇಗನೆ ಕೆಲಸ ಸಿಗುತ್ತದೆ ಎಂಬುದಷ್ಟೇ ಇದರ ಗುಟ್ಟು. 27 ಗಂಟೆಯ ಕ್ರಮದಲ್ಲಿ ಅವರು ಸುಮ್ಮನೆ ಕೂರುವುದು 3 ಗಂಟೆ. 40 ಗಂಟೆಯ ಕ್ರಮದಲ್ಲಿ 16. ಇಲ್ಲಿ ವಾಯಿದೆಗಳನ್ನು ಪರಿಗಣಿಸಿಲ್ಲ ಎಂಬುದು ನೆನಪಿರಲಿ.

ಮೂರನೆಯ ಯಂತ್ರ ಬಂದೊಡನೆ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಇಷ್ಟು ಸುಲಭದ ನಿಯಮವಿಲ್ಲ. ಹತ್ತು ಕೆಲಸಗಳನ್ನು ಒಂದು ಸಾಲಿನಲ್ಲಿ ಇಡಲು 36,28,800 ಬಗೆಗಳಿವೆ. ಹತ್ತು ಕೆಲಸ, ಹತ್ತು ಯಂತ್ರಗಳ ಒಂದು ಸಮಸ್ಯೆ 1963ರಲ್ಲಿ ಮತ್ ಮತ್ತು ಥಾಂಪ್ಸನ್ ಸಂಪಾದಿಸಿದ ಗ್ರಂಥದಲ್ಲಿ ಅಚ್ಚಾಯಿತು. ಅದರ ಉತ್ತರವೇ ಅತ್ಯುತ್ತಮವೆಂದು ಸಿದ್ಧಪಡಿಸಿದ್ದು 1989ರಲ್ಲಿ, ಫ್ರಾನ್ಸಿನ ಇಬ್ಬರು ಗಣಿತಜ್ಞರು. ನಮ್ಮ ಕಾರ್ಖಾನೆಗಳು ಅಷ್ಟು ವರ್ಷ ಕಾಯಲಾರವು. ಯಾವ ಯಂತ್ರದೆದುರು ರಾಶಿ ಅತಿ ದೊಡ್ಡದೋ ಆ ಒಂದರ ಸರದಿಯನ್ನು ಸರಿಪಡಿಸಿದರೆ ಸಣ್ಣ ಘಟಕಕ್ಕೆ ಬಹುಮಟ್ಟಿಗೆ ಸಾಕಾಗುತ್ತದೆ. ಬಣ್ಣ ಹಾಕುವವರಿಗೂ ಮುದ್ರಕರಿಗೂ ಒಂದು ಹೆಚ್ಚಿನ ಮಾತು: ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಹೋಗುವಾಗ ತೊಳೆಯುವ ಹೊತ್ತು ಕಡಿಮೆ, ಹಿಂದಿರುಗುವಾಗ ಹೆಚ್ಚು. ಅಲ್ಲಿ ಒಟ್ಟು ಗಂಟೆಗಳೇ ಕ್ರಮದೊಂದಿಗೆ ಬದಲಾಗುವುದರಿಂದ ಮೇಲಿನ ಲೆಕ್ಕಗಳನ್ನು ಹಾಗೆಯೇ ಅನ್ವಯಿಸುವಂತಿಲ್ಲ.

ನಮ್ಮ ಯಂತ್ರಾಗಾರದ ಮಾಲೀಕರು ಸಾಲದ ಅರ್ಜಿಯನ್ನು ಸದ್ಯಕ್ಕೆ ಬದಿಗಿಟ್ಟು, ಲೇತಿನ ಪಕ್ಕದ ಗೋಡೆಗೆ ಕಪ್ಪು ಹಲಗೆಯೊಂದನ್ನು ಹೊಡೆಸಿದರು. ಅಡ್ಡಕ್ಕೆ ದಿನಗಳು, ಉದ್ದಕ್ಕೆ ಕೆಲಸಗಳು, ಪ್ರತಿ ಕೆಲಸಕ್ಕೂ ಸುಣ್ಣದ ಕಡ್ಡಿಯ ಒಂದು ಪಟ್ಟಿ. ನೂರು ವರ್ಷಗಳ ಹಿಂದೆ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ನಕ್ಷೆ ಇದೇ. ಫೋನು ಬಂದಾಗ ಅವರು ಹಲಗೆಯತ್ತ ತಿರುಗಿ ಉತ್ತರಿಸುತ್ತಾರೆ. ಪ್ರತಿ ಕೆಲಸ ಯಂತ್ರಕ್ಕೆ ಏರಿದ ಮತ್ತು ಇಳಿದ ಹೊತ್ತನ್ನೂ ಒಂದು ತಿಂಗಳು ಬರೆಸಿದರು. ಶಾಫ್ಟಿಗೆ 8 ದಿನವೆಂದು ಅವರು ಹೇಳುತ್ತ ಬಂದದ್ದು ವಾಸ್ತವದಲ್ಲಿ 11 ದಿನ ಹಿಡಿಯುತ್ತಿತ್ತು. ಮಿಕ್ಕ ಮೂರು ದಿನ ನಡುನಡುವೆ ಇಳಿಸಿ ಮತ್ತೆ ಏರಿಸಿ ಹೊಂದಿಸುವುದಕ್ಕೆ ಹೋಗುತ್ತಿದ್ದವು.